ಬೆಳ್ಳಿ ಹಿಡಿಯದ ಹಣೆ

ಬ್ಯಾಕೋಡಿನ ಆ ಮನೆಯಲ್ಲಿ ಎರಡು ಕಾನೂನುಗಳಿದ್ದವು. ಮೊದಲನೆಯದು ಹಾಲಮ್ಮನದು: ಅಮ್ಮನ ಮುಖವನ್ನು ಅವಳ ಹೊರತು ಇನ್ನೊಬ್ಬರು ಮುಟ್ಟುವಂತಿಲ್ಲ. ಅಮ್ಮ ಎಂದರೆ ಮನೆದೇವರು. ಮುಖವೆಂದರೆ ಅಂಗೈ ಅಗಲದ ಹಿತ್ತಾಳೆ ಮುಖವಾಡ. ವರ್ಷದ ಪೂಜೆಯ ದಿನ ಅದನ್ನು ಕಲಶಕ್ಕೆ ಕಟ್ಟಿ ಸೀರೆ ಉಡಿಸುತ್ತಾರೆ, ಉಳಿದ ದಿನ ದೇವರ ಕೋಣೆಯ ಮಣೆಯ ಮೇಲೆ ಇರುತ್ತದೆ. ಬೆಳಗ್ಗೆ ಮಿಂದು ಬಂದವಳೇ ಹಾಲಮ್ಮ ಅದರ ಹಣೆಗೆ ಹೆಬ್ಬೆರಳಿನಲ್ಲಿ ಕುಂಕುಮ ಒತ್ತುತ್ತಿದ್ದಳು. ಮದುವೆಯಾಗಿ ಬಂದ ವರ್ಷ ಅತ್ತೆ ಒಪ್ಪಿಸಿದ ಕೆಲಸವದು, ಈಗ ಅವಳೇ ಅಜ್ಜಿ. ಸೊಸೆ ಪ್ರತಿಮಾ ಹೊಸದಾಗಿ ಬಂದಾಗ, ಅತ್ತೆಗೆ ಜ್ವರ ಬಂದಿದೆಯಲ್ಲ ಎಂದು ಪಾಪ, ತಾನೇ ಒಂದು ದಿನ ಕುಂಕುಮ ಇಟ್ಟಳು. ಹಾಲಮ್ಮ ಕಂಬಳಿ ಹೊದ್ದುಕೊಂಡೇ ಎದ್ದು ಬಂದು, ನೆಂಟರ ಎದುರಿಗೇ ಬಾಯಿಗೆ ಬಂದಂತೆ ಅಂದು, ಇಡೀ ಕೋಣೆಯನ್ನು ಅವಳ ಕೈಯಲ್ಲೇ ತೊಳೆಸಿದಳು. ಅಂದಿನಿಂದ ಪ್ರತಿಮಾ ಆ ಹೊಸ್ತಿಲು ದಾಟಿದ್ದಿಲ್ಲ. ಹೂ ಕೊಯ್ದು ತಂದರೂ ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದಳು.

ಎರಡನೆಯ ಕಾನೂನು ಹಾಲಮ್ಮನ ಬಾವ, ಅಂದರೆ ಗಂಡನ ಅಣ್ಣ ಗೋಪಾಲಪ್ಪನದು: ದೇವರ ಕೋಣೆಗೆ ಕರೆಂಟು ಬರಕೂಡದು. ಮನೆಯಲ್ಲಿ ಟೀವಿ ಇದೆ, ಮಿಕ್ಸಿ ಇದೆ, ಕೊಟ್ಟಿಗೆಯಲ್ಲೂ ಬಲ್ಬು ಉರಿಯುತ್ತದೆ, ಆ ಕೋಣೆಗೆ ಮಾತ್ರ ಎಣ್ಣೆದೀಪವೇ. ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಬಂದಾಗ ಗೋಪಾಲಪ್ಪ ಇನ್ನೂ ಮೀಸೆ ಮೂಡದ ಹುಡುಗ. ಹಳೆಯ ಊರು, ಗದ್ದೆ, ಗುಡಿ ಎಲ್ಲ ಹಿನ್ನೀರಿನ ಅಡಿಗೆ ಹೋಯಿತು. ಅವನ ತಾಯಿ ಅಮ್ಮನ ಮುಖವನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ದೋಣಿ ಹತ್ತಿದ್ದಳು. ಕರೆಂಟಿಗೋಸ್ಕರ ಅಮ್ಮನ ಗುಡಿ ಮುಳುಗಿತು, ಅವಳಿಗೆ ಅದರ ಬೆಳಕು ಬೇಡ ಎಂದು ತಾಯಿ ಅಂದ ಮಾತನ್ನು ಮಗ ಹಿಡಿದುಕೊಂಡೇ ಮುದುಕನಾದ.

ಈ ವರ್ಷ ಪೂಜೆ ಹತ್ತಿರ ಬಂದಾಗ ಹಾಲಮ್ಮನ ಮಗ ಮಂಜುನಾಥ ಒಂದು ಮಾತು ತೆಗೆದ. ಮುಖ ಕಪ್ಪಾಗಿದೆ, ಹುಣಸೆಹುಳಿಗೂ ಬೆಳಗುವುದಿಲ್ಲ, ಮೂಗು ಸವೆದು ಕಾಗದದಷ್ಟು ತೆಳ್ಳಗಾಗಿದೆ. ಸಾಗರದ ಅಂಗಡಿಯಲ್ಲಿ ಹೊಸ ಮುಖ ಸಿಗುತ್ತದೆ, ಥಳಥಳ ಅನ್ನುತ್ತದೆ, ತಂದರಾಯಿತು. ಹಾಲಮ್ಮ ಒಪ್ಪಲಿಲ್ಲ. ಹೊಸದು ಬಂದರೆ ಹಳೆಯದನ್ನು ನೀರಿಗೆ ಬಿಡುವುದೇ ಪದ್ಧತಿ. ಗಂಡನ ಮುಖಕ್ಕಿಂತ ಹೆಚ್ಚು ಸಲ ನೋಡಿದ ಮುಖವದು, ನೀರಿಗೆ ಹಾಕು ಎಂದರೆ ಹೇಗೆ ಹಾಕುವುದು?

ಅವಳೇ ದಾರಿ ಹುಡುಕಿದಳು. ಬೆಳ್ಳಿ ತಗಡು ಹೊದಿಸೋಣವೆಂದರೆ, ಸುತ್ತಿಗೆ ಬಿದ್ದರೆ ಮೂಗು ಒಡೆಯುತ್ತದೆ ಎಂದು ಆಚಾರಿ ಕೈಚೆಲ್ಲಿದ. ಸಾಗರದಲ್ಲಿ ಕಾಂತರಾಜ್ ಅನ್ನುವವನು ಬೆಳ್ಳಿ ನೀರು ಹಾಕಿಕೊಡುತ್ತಾನೆ, ಸುತ್ತಿಗೆ ಬೇಡ, ಬೆಂಕಿ ಬೇಡ ಎಂದೂ ಅವನೇ ಹೇಳಿದ. ಆದರೆ ಅದಕ್ಕೆ ಬೇಕಾಗಿದ್ದುದು ಕರೆಂಟು. ಹಾಲಮ್ಮ ಕೇಳಿದ್ದಕ್ಕೆ ಗೋಪಾಲಪ್ಪ ಜಗಲಿಯ ಕಂಬಕ್ಕೆ ಒರಗಿ ಎಲೆಯಡಿಕೆ ಅಗಿಯುತ್ತಲೇ ಹೇಳಿದ.

"ಆಗ್ಲಿ ಹಾಲಮ್ಮ. ಅಮ್ಮಂಗೆ ಬ್ಯಾಡ ಅಂದ್ರೆ ಅವಳೇ ತೋರಿಸ್ತಾಳೆ. ತೋರಿಸಿದ ಮ್ಯಾಲೆ ಯಾರೂ ತುಟಿ ಬಿಚ್ಚಬಾರ್ದು. ಈ ಮುಖ ಹಿನ್ನೀರಿಗೆ, ಹೊಸದು ಮನೆಗೆ. ಒಪ್ಪಿಗೆಯಾ?"

"ಒಪ್ಪಿಗೆ ಬಾವ" ಎಂದಳು ಹಾಲಮ್ಮ. ಬೇರೆ ಏನು ಅನ್ನುತ್ತಾಳೆ?

ಮೂವರು ಬಸ್ಸು ಹತ್ತಿದರು. ಬುಟ್ಟಿ ಹಾಲಮ್ಮನ ಮಡಿಲಲ್ಲಿ, ಪಕ್ಕದಲ್ಲಿ ಎಂಟನೇ ತರಗತಿಯ ಮೊಮ್ಮಗಳು ಶಿಲ್ಪಶ್ರೀ, ಮುಂದಿನ ಸೀಟಿನಲ್ಲಿ ಗೋಪಾಲಪ್ಪ. ಶಿಲ್ಪಶ್ರೀ ಶಾಲೆಗೆ ರಜೆ ಹಾಕಿದ್ದಕ್ಕೆ ಕಾರಣ ಕೇಳಿದರೆ, ತನ್ನ ಪಾಠದಲ್ಲಿ ಇದೇ ಇದೆ, ನೋಡದಿದ್ದರೆ ನಷ್ಟ ಎಂದು ಮನೆಯವರ ಬಾಯಿ ಮುಚ್ಚಿಸಿದ್ದಳು. ಬಸ್ಸು ಹಿನ್ನೀರಿನ ಹೊಸ ಸೇತುವೆಗೆ ಬಂದಾಗ ಹಾಲಮ್ಮ ಸೆರಗನ್ನು ಬುಟ್ಟಿಯ ಮೇಲೆ ಎಳೆದುಕೊಂಡಳು. ಲಾಂಚಿನಲ್ಲಿ ದಾಟುವ ಕಾಲದಿಂದಲೂ ಹಾಗೆಯೇ, ಅಮ್ಮನಿಗೆ ಆ ನೀರು ತೋರಿಸುವುದಿಲ್ಲ.

"ಅಜ್ಜಿ, ಬರೀ ಶುದ್ಧ ನೀರಲ್ಲಿ ಕರೆಂಟ್ ಹರಿಯಲ್ಲ ಗೊತ್ತಾ?" ಶಿಲ್ಪಶ್ರೀ ಶುರುಮಾಡಿದಳು. "ಟೀಚರ್ ಮೆಡಿಕಲ್ ಶಾಪಿಂದ ಭಟ್ಟಿ ಇಳಿಸಿದ ನೀರು ತಂದು ತೋರಿಸಿದ್ರು. ಎರಡು ತಂತಿ ಅದ್ದಿದ್ರೂ ಬಲ್ಬು ಹತ್ತಲಿಲ್ಲ. ಒಂದು ಚಿಟಿಕೆ ಉಪ್ಪು ಹಾಕಿದ್ರು ನೋಡು, ಹತ್ತಿಬಿಡ್ತು! ನಿಂಬೆರಸಕ್ಕೂ ಹತ್ತುತ್ತೆ."

"ಹತ್ತಲಿ ಬಿಡು. ಬೆಳ್ಳಿ ಹ್ಯಾಂಗೆ ಹತ್ತುತ್ತೆ ಅದು ಹೇಳು."

"ಅದೇ ಹೇಳ್ತಿದೀನಿ. ಕರೆಂಟು ತಂತಿಯಲ್ಲಿ ಓಡಿದ್ರೆ ಸುಮ್ನೆ ಓಡಿಹೋಗ್ತದೆ. ನೀರೊಳಗೆ ಓಡಿದ್ರೆ ಏನಾದ್ರೂ ಮಾಡೇ ಹೋಗೋದು. ಒಂದೊಂದ್ಸಲ ಗುಳ್ಳೆ ಏಳಿಸ್ತದೆ, ಒಂದೊಂದ್ಸಲ ಬಣ್ಣ ಬದಲಾಯಿಸ್ತದೆ. ಮೈಲುತುತ್ತದ ನೀರಲ್ಲಿ ಈ ಕಡೆ ತಾಮ್ರ, ಆ ಕಡೆ ಬೀಗದ ಕೈ ಇಟ್ರೆ, ತಾಮ್ರ ಸವೆದು ನೀರಿಗೆ ಬರ್ತದೆ, ನೀರಲ್ಲಿದ್ದ ತಾಮ್ರ ಬೀಗದ ಕೈಗೆ ಹೋಗಿ ಕೂರ್ತದೆ. ಇಲ್ಲೂ ಅಷ್ಟೇ, ತಾಮ್ರದ ಬದಲು ಬೆಳ್ಳಿ."

ಮೈಲುತುತ್ತ ಹಾಲಮ್ಮನಿಗೆ ಗೊತ್ತು. ಅಡಿಕೆಗೆ ಕೊಳೆ ಬಾರದಂತೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ನೀಲಿ ಹರಳು, ಅಟ್ಟದ ಮೇಲೆ ಅರ್ಧ ಚೀಲ ಈಗಲೂ ಇದೆ. ಅದರೊಳಗೆ ತಾಮ್ರವಿದೆ ಎನ್ನುವುದು ಗೊತ್ತಿರಲಿಲ್ಲ. ಒಂದು ಕಡೆ ಸವೆದದ್ದು ಇನ್ನೊಂದು ಕಡೆ ಹೋಗಿ ಕೂರುತ್ತದೆ ಅನ್ನುವ ಮಾತು ಅವಳಿಗೆ ಹಿಡಿಸಿತು. ಮುಂದಿನ ಸೀಟಿನ ಗೋಪಾಲಪ್ಪ ಕಿಟಕಿಯಿಂದ ನೀರನ್ನೇ ನೋಡುತ್ತ ಕೂತಿದ್ದ, ಕೇಳಿಸಿಕೊಂಡನೋ ಇಲ್ಲವೋ.

ಕಾಂತರಾಜನದು ಪೇಟೆಯ ಹಿಂದಿನ ಗಲ್ಲಿಯಲ್ಲಿ ಶೀಟು ಹೊದಿಸಿದ ಉದ್ದನೆಯ ಕೋಣೆ. ರಬ್ಬರು ಕೈಗವಸು ತೊಟ್ಟ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಅವನು ಮುಖವನ್ನು ಉಜ್ಜಿದ, ಯಾವುದೋ ನೀರಿನಲ್ಲಿ ಅದ್ದಿ ತೆಗೆದ, ಮತ್ತೆ ತೊಳೆದ. ವರ್ಷಗಟ್ಟಲೆಯ ಎಣ್ಣೆ, ಹೊಗೆ, ಕುಂಕುಮವೆಲ್ಲ ಬಿಟ್ಟುಕೊಂಡು ಹಳದಿ ಹಿತ್ತಾಳೆ ಬೆತ್ತಲಾಗಿ ಹೊಳೆಯಿತು. ಅದನ್ನು ತಂತಿಗೆ ಕಟ್ಟಿ ತೊಟ್ಟಿಯ ಮೇಲಿನ ಸರಳಿಗೆ ತೂಗುಹಾಕಿದ. ತೊಟ್ಟಿಯ ಇನ್ನೊಂದು ಬದಿಯಲ್ಲಿ ಬೆಳ್ಳಿಯ ತಗಡು ನೀರಿಗೆ ಇಳಿಬಿದ್ದಿತ್ತು. ಇನ್ನೇನು ಮುಖವನ್ನು ಇಳಿಸಬೇಕು, ಕರೆಂಟು ಹೋಯಿತು.

"ಬರುತ್ತೆ, ಇಲ್ಲಿ ಇದು ಮಾಮೂಲು" ಎಂದ ಕಾಂತರಾಜ್. "ಬನ್ನಿ ಯಜಮಾನ್ರೇ, ಟೀ ಕುಡ್ಕೊಂಡು ಬರೋಣ. ಅಮ್ಮಾ, ತೊಟ್ಟಿ ಹತ್ರ ಹೋಗ್ಬೇಡಿ, ವಿಷದ ನೀರು. ಮುಖಾನೂ ಯಾರೂ ಮುಟ್ಟಬಾರ್ದು."

ಹಾಲಮ್ಮ ತಲೆಯಾಡಿಸಿದಳು. ಯಾರೂ ಮುಟ್ಟಬಾರದು ಅನ್ನುವ ಮಾತನ್ನು ಅವಳು ಜೀವಮಾನವಿಡೀ ಬೇರೆಯವರಿಗೆ ಹೇಳಿಕೊಂಡೇ ಬಂದವಳು. ಆ 'ಯಾರೂ' ಅನ್ನುವುದರೊಳಗೆ ತಾನೂ ಸೇರುತ್ತೇನೆ ಅನ್ನುವುದು ಅವಳ ತಲೆಗೆ ಹೊಳೆಯುವುದಾದರೂ ಹೇಗೆ?

ಗಂಡಸರು ಹೋದರು. ಶಿಲ್ಪಶ್ರೀ ಬಾಗಿಲಾಚೆ ಗೋಡೆಯ ಮೇಲಿದ್ದ ಕರೆಂಟಿನ ಪೆಟ್ಟಿಗೆಯನ್ನು ನೋಡುತ್ತ ನಿಂತಳು. ಒಳಗೆ ಉಳಿದದ್ದು ಹಾಲಮ್ಮ ಮತ್ತು ತಂತಿಯಲ್ಲಿ ನೇತಾಡುವ ಅಮ್ಮ. ಬೆಳಗ್ಗೆ ಇಟ್ಟ ಕುಂಕುಮ ತೊಳೆದುಹೋಗಿ ಹಣೆ ಬೋಳಾಗಿತ್ತು. ಮನೆಗೆ ಬಂದಾಗಿನಿಂದ ಹಾಲಮ್ಮ ಆ ಹಣೆಯನ್ನು ಹಾಗೆ ಕಂಡವಳಲ್ಲ. ಕತ್ತಲೆ ಕೋಣೆ, ಕಾಣದ ಊರು, ಬರಿದಾದ ಹಣೆ, ಅವಳಿಗೆ ಸಂಕಟವಾಯಿತು. ಇಲ್ಲಿ ಕುಂಕುಮ ಎಲ್ಲಿಂದ ತರುವುದು? ತನ್ನ ಹಣೆಯ ಮೇಲೆ ಇತ್ತು. ಹೆಬ್ಬೆರಳನ್ನು ಹಣೆಗೆ ಒತ್ತಿ, ಅದೇ ಬೆರಳನ್ನು ಅಮ್ಮನ ಹಣೆಗೆ ಒತ್ತಿದಳು. ಮನಸ್ಸು ತಣ್ಣಗಾಯಿತು. ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು ಕೇಳಿಸಿತು. ಕಾಂತರಾಜ್ ಬೈದಾನು ಎಂದು ಅವಸರದಲ್ಲಿ ಸೆರಗಿನ ತುದಿಯಿಂದ ಒರೆಸಿಬಿಟ್ಟಳು. ಕೆಂಪು ಹೋಯಿತು, ಏನೂ ಕಾಣಲಿಲ್ಲ.

ಕರೆಂಟು ಬಂತು. ಮುಖ ನೀರಿಗೆ ಇಳಿಯಿತು. ಶಿಲ್ಪಶ್ರೀ ಉಸಿರು ಬಿಗಿಹಿಡಿದು ನೋಡಿದಳು, ಗೋಪಾಲಪ್ಪ ಬಾಗಿಲಿಂದ ಈಚೆ ಬರಲೇ ಇಲ್ಲ. ಕಾಂತರಾಜ್ ಮುಖವನ್ನು ಮೇಲೆತ್ತಿ ತೊಳೆದು ಬ್ರಷ್ಷಿನಿಂದ ಉಜ್ಜಿದಾಗ ಕೆನ್ನೆ ಹೊಳೆಯಿತು, ಮೂಗು ಹೊಳೆಯಿತು, ಕಣ್ಣಿನ ರೆಪ್ಪೆ ಕೂಡ ಬೆಳ್ಳಿಯಾಗಿತ್ತು. ಹುಬ್ಬುಗಳ ನಡುವೆ ಮಾತ್ರ, ಅಡಿಕೆಗಿಂತ ಸ್ವಲ್ಪ ಚಿಕ್ಕದಾದ ಒಂದು ಜಾಗ, ಹಳದಿಯಾಗಿ ಹಾಗೇ ಉಳಿದಿತ್ತು.

ಕಾಂತರಾಜ್ ಬೆಳಕಿಗೆ ಹಿಡಿದು ನೋಡಿದ. "ಹೀಗಾಗಬಾರ್ದಿತ್ತು. ಕೊಡಿ, ಇನ್ನೊಂದ್ಸಲ..."

"ಸಾಕು" ಎಂದ ಗೋಪಾಲಪ್ಪ. ಅವನು ಒಳಗೆ ಬಂದಿದ್ದ. ಕೈ ಮುಗಿದುಕೊಂಡಿದ್ದ, ಕಣ್ಣಲ್ಲಿ ನೀರಿತ್ತು. "ಹಣೆ ಕೊಡ್ಲಿಲ್ಲ ಅವಳು. ಮುಖ ಎಲ್ಲ ಕೊಟ್ಟು ಹಣೆ ಕೊಡ್ಲಿಲ್ಲ. ಬುಟ್ಟಿ ತಗಾ ಹಾಲಮ್ಮ, ಹೋಗಾಣ."

ಹಾಲಮ್ಮ ಮುಖವನ್ನು ಬುಟ್ಟಿಗಿಟ್ಟಳು. ಅಮ್ಮ ಬೇಡವೆಂದಳು, ತಾನೇ ಒತ್ತಾಯ ಮಾಡಿ ತಂದೆ, ಈಗ ತನ್ನ ಕೈಯಾರೆ ಅವಳನ್ನು ನೀರಿಗೆ ಬಿಡಬೇಕು. ದಾರಿಯುದ್ದಕ್ಕೂ ಅತ್ತಳು. ಸೇತುವೆಯ ಮೇಲೆ ಸೆರಗು ಎಳೆದುಕೊಳ್ಳುವುದೂ ಮರೆತುಹೋಯಿತು.

ಮರುದಿನ ಬೆಳಗ್ಗೆ ಅವಳು ಬಚ್ಚಲೊಲೆಗೆ ಬೆಂಕಿ ಹಾಕುತ್ತಿದ್ದಾಗ ಶಿಲ್ಪಶ್ರೀ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಅಜ್ಜಿ, ಒಂದು ಕೇಳ್ಲಾ? ಬೈಬಾರ್ದು. ನಿನ್ನೆ ನಾವ್ಯಾರೂ ಇಲ್ಲದಾಗ ನೀನು ಅಮ್ಮನ ಹಣೆ ಮುಟ್ಟಿದ್ಯಾ?"

"ಎಂಥಕ್ಕೆ?"

"ನಮ್ಮ ಕ್ಲಾಸಲ್ಲಿ ದೀಪಕ್ ಚಕ್ಕುಲಿ ತಿಂದ ಕೈಯಲ್ಲೇ ಬೀಗದ ಕೈ ಹಿಡ್ಕೊಂಡು ಅದ್ದಿದ್ದ. ಅವನ ಬೆರಳು ತಾಗಿದಲ್ಲೆಲ್ಲ ತಾಮ್ರ ಕೂರಲೇ ಇಲ್ಲ. ಜಿಡ್ಡಿದ್ರೆ ಆ ನೀರು ಲೋಹಕ್ಕೆ ಮುಟ್ಟೋದೇ ಇಲ್ಲ ಅಂದ್ರು ಟೀಚರ್. ಒರೆಸಿದ್ರೂ ಜಿಡ್ಡು ಹೋಗಲ್ವಂತೆ, ಕಣ್ಣಿಗೆ ಕಾಣಲ್ಲ ಅಷ್ಟೇ."

ಹಾಲಮ್ಮ ಊದುಗೊಳವೆಯನ್ನು ಕೆಳಗಿಟ್ಟಳು. ಹೆಬ್ಬೆರಳನ್ನು ನೋಡಿಕೊಂಡಳು. ತಲೆಗೆ ಎಣ್ಣೆ ತಟ್ಟಿಕೊಂಡ ಕೈ, ಹಣೆಯ ಬೆವರು, ಕುಂಕುಮ. ಮುಖವನ್ನು ಯಾರೂ ಮುಟ್ಟಬಾರದು ಎಂದು ಕಾಂತರಾಜ್ ಹೇಳಿದ್ದು ಮಡಿಗಲ್ಲ, ಇದಕ್ಕೆ.

"ಯಾರಿಗೂ ಹೇಳಬ್ಯಾಡ" ಎಂದಳು. ಶಿಲ್ಪಶ್ರೀ ಸರಿ ಎಂದು ಎದ್ದುಹೋದಳು.

ಹೇಳಿದರೆ ಏನಾಗುತ್ತದೆ ಎಂದು ಹಾಲಮ್ಮ ಆ ಇಡೀ ದಿನ ಲೆಕ್ಕ ಹಾಕಿದಳು. ಮುಖ ಮನೆಯಲ್ಲಿ ಉಳಿಯುತ್ತದೆ, ಅದೇನೋ ನಿಜ. ಆದರೆ ಪ್ರತಿಮಾ ಕೇಳಿಸಿಕೊಳ್ಳುತ್ತಾಳೆ. ಮುಟ್ಟಿದ್ದಕ್ಕೆ ಕೋಣೆ ತೊಳೆಸಿದ ಅತ್ತೆ, ತಾನು ಮುಟ್ಟಿ ಅಮ್ಮನ ಹಣೆ ಕೆಡಿಸಿದಳು ಎಂದಾಗುತ್ತದೆ. ಆ ಹುಡುಗಿ ತಿರುಗಿ ಒಂದು ಮಾತೂ ಅನ್ನುವವಳಲ್ಲ, ಅದೇ ಇನ್ನೂ ಕಷ್ಟ. ಹೇಳದಿದ್ದರೆ ಅಮ್ಮನೇ ಬೇಡವೆಂದಳು ಎಂದಾಗುತ್ತದೆ, ಎಲ್ಲರ ಮರ್ಯಾದೆಯೂ ಉಳಿಯುತ್ತದೆ, ಅಮ್ಮ ಮಾತ್ರ ನೀರಿನ ಅಡಿಗೆ ಹೋಗುತ್ತಾಳೆ. ಗೋಪಾಲಪ್ಪ ಆಗಲೇ ಬಂದವರಿಗೆಲ್ಲ ಸುದ್ದಿ ಹೇಳುತ್ತಿದ್ದ. ಕೇಳಿದವರು ಕೈ ಮುಗಿದು, ಆ ಸಾಗರದವನು ಎಂಥ ಕೆಲಸ ಮಾಡಿದ ಎಂದು ಕಾಂತರಾಜನನ್ನೂ ಸೇರಿಸಿಕೊಂಡು ಬೈಯುತ್ತಿದ್ದರು. ಸಂಜೆ ಮಂಜುನಾಥ ಹೊಸ ಮುಖ ತಂದ. ಡಬ್ಬಿಯೊಳಗೆ ಹತ್ತಿಯ ನಡುವೆ ಗುಂಡು ಕೆನ್ನೆ, ದೊಡ್ಡ ಕಣ್ಣು, ನಗುತ್ತಿತ್ತು. ಚೆನ್ನಾಗಿಯೇ ಇತ್ತು. ಅದಕ್ಕೆ ಇವರ್ಯಾರೂ ಗೊತ್ತಿರಲಿಲ್ಲ.

ಹಾಲಮ್ಮ ಆ ಡಬ್ಬಿಯ ಮುಚ್ಚಳ ಹಾಕಿದಳು. "ಶಿಲ್ಪಾ, ನಿನ್ನ ಶಾಲೆ ಸಾಮಾನು ತಗೊಂಡು ಜಗಲಿಗೆ ಬಾ" ಎಂದು ಕೂಗಿದಳು. "ಪ್ರತಿಮಾ, ನೀನೂ ಬಾ. ಬಾವ, ನಿಮ್ಮ ಪೆಟ್ಟಿಗೆ ಬೀಗದ ಕೈ ಕೊಡಿ."

ಗೋಪಾಲಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿದ. ಮುಳುಗಿದ ಊರಿನಿಂದ ಬಂದ ಮರದ ಪೆಟ್ಟಿಗೆಯದು, ಹಿತ್ತಾಳೆಯದು. ಶಿಲ್ಪಶ್ರೀ ಅದನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ತೊಳೆದು ತಂತಿಯಲ್ಲಿ ಕಟ್ಟಿ ಹಿಡಿದಳು. ಗಾಜಿನ ಲೋಟದಲ್ಲಿ ಮೈಲುತುತ್ತ ಕರಗಿಸಿದ ನೀಲಿ ನೀರು, ಟಾರ್ಚಿನ ಎರಡು ಸೆಲ್ಲು, ಸುರುಳಿ ಸುತ್ತಿದ ತಾಮ್ರದ ತಂತಿ. ಹಾಲಮ್ಮ ಎಲ್ಲರೂ ನೋಡುವಂತೆ ತನ್ನ ಹಣೆಗೆ ಹೆಬ್ಬೆರಳು ಒತ್ತಿ, ಅದನ್ನು ಬೀಗದ ಕೈಯ ಅಗಲವಾದ ತಲೆಯ ಮೇಲೆ ಒತ್ತಿದಳು. ಸೆರಗಿನಿಂದ ಒರೆಸಿದಳು.

"ಏನಾದ್ರೂ ಕಾಣ್ತದಾ ಬಾವ?"

"ಎಂಥದೂ ಇಲ್ಲ."

"ಅದ್ದು ಮಗ."

ಶಿಲ್ಪಶ್ರೀ ತಾಮ್ರದ ಸುರುಳಿಯನ್ನು ಸೆಲ್ಲಿನ ಮೂತಿಯ ಕಡೆಗೆ, ಬೀಗದ ಕೈಯನ್ನು ಬುಡದ ಕಡೆಗೆ ಜೋಡಿಸಿದಳು. ಎರಡನ್ನೂ ನೀಲಿ ನೀರಿಗೆ ಇಳಿಬಿಟ್ಟಳು. ಹಾಲಮ್ಮನ ಗಂಡ ಪುಟ್ಟಪ್ಪ ಕೂಡ ಟೀವಿ ಆರಿಸಿ ಬಂದು ನಿಂತ. ನೋಡುತ್ತಿದ್ದಂತೆ ಹಳದಿ ಬೀಗದ ಕೈಗೆ ಕೆಂಪು ಏರತೊಡಗಿತು, ಮೊದಲು ಅಂಚಿಗೆ, ಆಮೇಲೆ ಮೈಗೆಲ್ಲ. ಶಿಲ್ಪಶ್ರೀ ಅದನ್ನು ಎತ್ತಿ ತೊಳೆದು ಗೋಪಾಲಪ್ಪನ ಅಂಗೈ ಮೇಲೆ ಇಟ್ಟಳು. ಇಡೀ ಬೀಗದ ಕೈ ಹೊಸ ತಾಮ್ರದ ಬಣ್ಣಕ್ಕೆ ತಿರುಗಿತ್ತು. ತಲೆಯ ಮೇಲೆ, ಹೆಬ್ಬೆರಳು ಬಿದ್ದಲ್ಲಿ, ಹಳದಿ ಹಾಗೇ ಇತ್ತು.

"ಅಲ್ಲಿ ಕರೆಂಟು ಹೋದಾಗ ನಾನೇ ಮುಟ್ಟಿದ್ದು ಬಾವ" ಎಂದಳು ಹಾಲಮ್ಮ. "ಬೋಳು ಹಣೆ ನೋಡಕಾಗ್ಲಿಲ್ಲ. ನನ್ನ ಹಣೆ ಕುಂಕುಮಾನೇ ಇಟ್ಟೆ, ಆಮೇಲೆ ಒರೆಸ್ದೆ. ಆ ಕಾಂತರಾಜ ಮುಟ್ಟಬ್ಯಾಡಿ ಅಂದಿದ್ದ. ಅವನದ್ದೇನೂ ತಪ್ಪಿಲ್ಲ. ಅಮ್ಮ ಬ್ಯಾಡ ಅಂದಿಲ್ಲ. ಬ್ಯಾಡ ಅಂದಿದ್ದು ನನ್ನ ಹೆಬ್ಬೆಟ್ಟು."

ಪ್ರತಿಮಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹಾಲಮ್ಮ ಅವಳ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಗೋಪಾಲಪ್ಪ ಸಿಟ್ಟಾಗುತ್ತಾನೆಂದು ಎಲ್ಲರೂ ಕಾದರು. ಅವನು ಬೀಗದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕೆಳಗೆ ಕೂತ.

"ನಂಗೆ ಖುಷಿಯಾಗಿತ್ತು ಹಾಲಮ್ಮ" ಎಂದ. "ಊರು ಬಿಡೋವಾಗ ಯಾರೂ ಬ್ಯಾಡ ಅನ್ಲಿಲ್ಲ. ಅಪ್ಪಯ್ಯ ಅನ್ಲಿಲ್ಲ, ಊರವ್ರು ಅನ್ಲಿಲ್ಲ. ಗಂಟುಮೂಟೆ ಕಟ್ಕೊಂಡು ಸುಮ್ನೆ ದೋಣಿ ಹತ್ತಿದ್ವಿ. ನಿನ್ನೆ ಆ ಹಣೆ ನೋಡಿದಾಗ, ಅವಳಾದ್ರೂ ಬ್ಯಾಡ ಅಂದ್ಲಲ್ಲ ಅಂತ ಜೀವಕ್ಕೆ ಎಷ್ಟು ಹಿತ ಆತು ಗೊತ್ತಾ?"

ಇಷ್ಟು ವರ್ಷ ಬಾವನ ಕರೆಂಟಿನ ಕಾನೂನನ್ನು ಮುದುಕನ ಹಟವೆಂದೇ ಒಳಗೊಳಗೆ ನಕ್ಕವಳು ಹಾಲಮ್ಮ. ಅಮ್ಮನ ಮುಖ ಉಳಿಸಿಕೊಳ್ಳಲು ಅವನ ಕೈಯಿಂದ ಏನನ್ನು ಕಿತ್ತುಕೊಂಡೆ ಎಂದು ಈಗ ಗೊತ್ತಾಯಿತು.

"ಕಾಂತರಾಜ ಇನ್ನೊಮ್ಮೆ ಅದ್ದಿಕೊಡ್ತಾನೆ" ಎಂದಳು ಮೆಲ್ಲಗೆ. "ಆ ಜಾಗ ತಿಕ್ಕಿ ತೊಳೆದು ಅದ್ದಿದ್ರೆ ಪೂರ್ತಿ ಬೆಳ್ಳಿ ಆಗ್ತದೆ. ಅಲ್ವಾ ಶಿಲ್ಪಾ?"

"ಹೂಂ, ಆಗ್ತದೆ."

"ಬ್ಯಾಡ" ಎಂದ ಗೋಪಾಲಪ್ಪ. ಎದ್ದು ದೇವರ ಕೋಣೆಯ ಬಾಗಿಲಿಗೆ ಹೋಗಿ, ದೀಪದ ಬೆಳಕಿನಲ್ಲಿ ಅಮ್ಮನನ್ನು ನೋಡಿದ. "ಅವ್ವ ತಲೆ ಮ್ಯಾಲೆ ಹೊತ್ಕೊಂಡು ಬಂದ ಹಿತ್ತಾಳೆ ಅಷ್ಟು ಜಾಗದಲ್ಲಾದ್ರೂ ಕಾಣ್ತದಲ್ಲ. ಇರ್ಲಿ ಬಿಡು." ಮಂಜುನಾಥನ ಕಡೆ ತಿರುಗಿ, "ನಾಳೆ ಆ ಹೊಸದನ್ನ ವಾಪಸ್ ಕೊಟ್ಟು ಬಾ. ಹಾಂಗೇ ಆ ಕಾಂತರಾಜಂಗೂ ಹೇಳು, ಅವನದ್ದೇನೂ ತಪ್ಪಿಲ್ಲ ಅಂತ" ಎಂದ. ಬೀಗದ ಕೈಯನ್ನು ಹಾಗೇ, ಕೆಂಪಾಗಿದ್ದುದನ್ನೇ, ಉಡಿದಾರಕ್ಕೆ ಕಟ್ಟಿಕೊಂಡ.

ಶುಕ್ರವಾರ ಪೂಜೆ. ಕಲಶಕ್ಕೆ ಮುಖ ಕಟ್ಟಿ, ಸೀರೆ ಉಡಿಸಿ, ಹೂ ಮುಡಿಸಿ ಆಯಿತು. ಕುಂಕುಮದ ಬಟ್ಟಲು ಕೈಗೆ ತೆಗೆದುಕೊಂಡ ಹಾಲಮ್ಮ ಅಲ್ಲೇ ನಿಂತಳು. ಪ್ರತಿಮಾ ಎಂದಿನಂತೆ ಹೂವಿನ ತಟ್ಟೆಯನ್ನು ಹೊಸ್ತಿಲ ಹೊರಗೆ ಇಟ್ಟು ತಿರುಗುತ್ತಿದ್ದಳು.

"ಪ್ರತಿಮಾ, ಒಳಗೆ ಬಾ" ಎಂದಳು ಹಾಲಮ್ಮ. ಸೊಸೆ ಅಲುಗಾಡಲಿಲ್ಲ. ಹಾಲಮ್ಮ ತಾನೇ ಹೊಸ್ತಿಲ ತನಕ ಬಂದು ಅವಳ ಕೈ ಹಿಡಿದಳು. "ಅವತ್ತು ನಿಂಗೆ ಹಾಂಗೆ ಅನ್ನಬಾರ್ದಿತ್ತು ಮಗ. ಎಲ್ಲಿ ಇಡ್ಬೇಕು ಅಂತ ಕೇಳಬ್ಯಾಡ, ನಾನೇ ಗುರುತು ಮಾಡಿಟ್ಟಿದೀನಿ."

ಪ್ರತಿಮಾ ಹೊಸ್ತಿಲು ದಾಟಿದಳು. ಹೆಬ್ಬೆರಳಿನಲ್ಲಿ ಕುಂಕುಮ ತೆಗೆದುಕೊಂಡು, ಅತ್ತೆಯ ಮುಖವನ್ನು ಒಮ್ಮೆ ನೋಡಿ, ಅಮ್ಮನ ಹಣೆಗೆ ಒತ್ತಿದಳು. ಅವಳ ಬೆರಳು ಸಣ್ಣದು. ಕೆಂಪು ಕುಂಕುಮದ ಸುತ್ತ ಹಳೆಯ ಹಿತ್ತಾಳೆಯ ತೆಳುವಾದ ಒಂದು ಅಂಚು ಉಳಿಯಿತು, ಅದನ್ನು ಗೋಪಾಲಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.